ನೀರನ್ನು ಹಿಡಿಯುವ ಎರಡು ಅಲಗುಗಳು

ನಾಲ್ಕಡಿಯ ಆಸುಪಾಸಿನ ಉದ್ದದ ದೋಣಿಯೊಂದು ಗಂಟೆಗೆ ನೂರು ಕಿಲೋಮೀಟರಿನ ವೇಗದಲ್ಲಿ ಕೊಳದ ಮೇಲೆ ಹಾರಿದಂತೆ ಸಾಗುವುದೆಂದರೆ ಮೊದಲ ಸಲ ಕೇಳಿದವರಿಗೆ ನಂಬುವುದು ಕಷ್ಟ. ದೋಣಿಯೊಳಗೆ ಅಂಬಿಗನಿಲ್ಲ. ಅವನು ದಡದ ಮೇಲೆ ನಿಂತು, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯ ಮೂಲಕ ಚುಕ್ಕಾಣಿಯನ್ನೂ ಎಂಜಿನ್ನಿನ ವೇಗವನ್ನೂ ಅಂಕೆಯಲ್ಲಿಟ್ಟುಕೊಂಡಿರುತ್ತಾನೆ. ಒಂದೇ ಬಾರಿಗೆ ಹಲವು ದೋಣಿಗಳು ನೀರಿನಲ್ಲಿ ತೇಲಬಿಟ್ಟ ಗುರುತುಗಳನ್ನು ಬಳಸಿ ಬಲಕ್ಕೆ ತಿರುಗುತ್ತ ಸುತ್ತು ಹಾಕುತ್ತವೆ. ಅವುಗಳ ಹಿಂದೆ ನೀರು ನವಿಲಿನ ಗರಿ ಬಿಚ್ಚಿದಂತೆ ಎತ್ತರಕ್ಕೆ ಚಿಮ್ಮುತ್ತದೆ.

ರೇಡಿಯೋ ಅಲೆಗಳಿಂದ ದೋಣಿಯನ್ನು ನಡೆಸುವ ಸಾಹಸ ಇಂದು ನಿನ್ನೆಯದಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬ್ಯಾಟರಿಯಿಂದ ಓಡುವ ಪುಟ್ಟ ದೋಣಿಯೊಂದನ್ನು ತಂತಿಯ ನಂಟಿಲ್ಲದೆಯೇ ನಡೆಸಿ ತೋರಿಸಿದನು. ಅಂದಿನ ಆ ಅದ್ಭುತ ಇಂದು ವಾರದ ಕೊನೆಯ ಹವ್ಯಾಸವಾಗಿದೆ. ಅಮೆರಿಕದಲ್ಲಿ ಐ.ಎಂ.ಪಿ.ಬಿ.ಎ. ಮತ್ತು ನಾಂಬಾ ಎಂಬ ಸಂಘಗಳೂ ಯೂರೋಪಿನಲ್ಲಿ ನಾವಿಗಾ ಎಂಬ ಒಕ್ಕೂಟವೂ ಮಾದರಿ ದೋಣಿಗಳ ಸ್ಪರ್ಧೆಗಳಿಗೆ ನಿಯಮಗಳನ್ನು ರೂಪಿಸಿವೆ.

ಪೆಟ್ರೋಲಿನಿಂದ ಓಡುವ ಮಾದರಿಗಳಿಗೆ ಅಮೆರಿಕನ್ನರು ಇಟ್ಟ ಹೆಸರು ಗ್ಯಾಸ್ ಬೋಟ್. ಅಡಿಗೆಮನೆಯ ಅನಿಲಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ದೇಶದವರು ಪೆಟ್ರೋಲನ್ನೇ ಗ್ಯಾಸ್ ಎನ್ನುತ್ತಾರೆ. ದೋಣಿಯ ಹೊಟ್ಟೆಯಲ್ಲಿರುವುದು ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಟೂ-ಸ್ಟ್ರೋಕ್ ಎಂಜಿನ್. ಅದರ ಮೂಲ ತೋಟದ ಕೆಲಸದ ಯಂತ್ರದಲ್ಲಿದೆ. ಪೊದೆ ಸವರುವ ಯಂತ್ರಗಳಿಗೆಂದು ಹುಟ್ಟಿದ, 26 ಸಿ.ಸಿ. ಆಸುಪಾಸಿನ ಎಂಜಿನ್ನಿಗೆ ಜಪಾನಿನ ಝೆನೋವಾ ಮೊದಲಾದ ತಯಾರಕರು ನೀರು ಹರಿಯುವ ತಂಪುಕವಚವನ್ನು ತೊಡಿಸಿ ದೋಣಿಗೆ ಹೊಂದಿಸಿದರು. ಹಣ ತೆತ್ತವರಿಗೆಲ್ಲ ಇಂಥ ಎಂಜಿನ್ ದೊರೆಯುತ್ತದೆ. ಒಂದು ವರ್ಗದ ಎಂಜಿನ್ನುಗಳ ಗಾತ್ರಕ್ಕೆ ಒಂದೇ ಮಿತಿ. ಹಾಗಿದ್ದೂ ಒಂದು ದೋಣಿ ಮುಂದೆ, ಇನ್ನೊಂದು ಹಿಂದೆ. ಇದರ ಗುಟ್ಟೇನು?

ಬಲ್ಲವರು ಉತ್ತರವನ್ನು ಹುಡುಕುವುದು ದೋಣಿಯ ಬಾಲದಲ್ಲಿ. ಅಲ್ಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಪ್ರೊಪೆಲ್ಲರ್ ಒಂದಿದೆ. ಎಂಜಿನ್ನಿನ ಶಕ್ತಿಯೆಲ್ಲ ನೀರಿಗೆ ಮುಟ್ಟುವುದು ಅದರ ಎರಡು ಅಲಗುಗಳ ಮೂಲಕ. ಅದು ನೀರನ್ನು ಸರಿಯಾಗಿ ಹಿಡಿಯದಿದ್ದರೆ ಎಂಜಿನ್ನಿನ ಆರ್ಭಟವೆಲ್ಲ ಬರಿಯ ಸದ್ದು.

ಮುರಿದ ತಿರುಪು ಕಲಿಸಿದ ಪಾಠ

ಪ್ರೊಪೆಲ್ಲರಿನ ಗುಣ ಊಹೆಗೆ ನಿಲುಕುವಂಥದಲ್ಲ ಎಂಬುದು ಅದರ ಚರಿತ್ರೆಯ ಮೊದಲ ಪುಟದಲ್ಲಿಯೇ ಗೊತ್ತಾಯಿತು. ಇಂಗ್ಲೆಂಡಿನ ರೈತ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಹಡಗು ನಡೆಸುವ ತಿರುಪಿಗೆ ಪೇಟೆಂಟ್ ಪಡೆದನು. ಎರಡು ಪೂರ್ತಿ ಸುತ್ತುಗಳುಳ್ಳ ಮರದ ತಿರುಪು ಅದು. ಮರುವರ್ಷ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ತಿರುಪಿನ ಅರ್ಧ ಭಾಗ ಮುರಿದುಹೋಯಿತು. ದೋಣಿ ನಿಲ್ಲಬೇಕಾಗಿತ್ತಲ್ಲವೆ? ಅದರ ಬದಲು ಅದು ಮೊದಲಿಗಿಂತ ವೇಗವಾಗಿ ಓಡಿತು! ದೊಡ್ಡದಾದುದೆಲ್ಲ ಒಳ್ಳೆಯದಲ್ಲ ಎಂಬ ಪಾಠವನ್ನು ನೀರೇ ಹೇಳಿಕೊಟ್ಟಿತು.

1845ರಲ್ಲಿ ಬ್ರಿಟಿಷ್ ನೌಕಾಪಡೆ ತಿರುಪಿನಿಂದ ನಡೆಯುವ 'ರ್‍ಯಾಟ್ಲರ್' ಹಡಗನ್ನೂ ಪಕ್ಕದ ಚಕ್ರಗಳಿಂದ ನಡೆಯುವ 'ಅಲೆಕ್ಟೊ' ಹಡಗನ್ನೂ ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟಕ್ಕೆ ಬಿಟ್ಟಿತು. ರ್‍ಯಾಟ್ಲರ್ ತನ್ನ ಎದುರಾಳಿಯನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋಯಿತು. ಚಕ್ರದ ಹಡಗಿನ ಕಾಲ ಮುಗಿಯುತ್ತ ಬಂದಿತೆಂಬುದಕ್ಕೆ ಇಷ್ಟು ಸಾಕಾಯಿತು.

ಆದರೆ ವೇಗ ಹೆಚ್ಚಿದಂತೆ ಹೊಸದೊಂದು ತೊಡಕು ತಲೆಯೆತ್ತಿತು. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ 'ಟರ್ಬೀನಿಯಾ' ಹಡಗಿನ ಟರ್ಬೈನಿನಲ್ಲಿ ಬಲವೇನೋ ಇತ್ತು. ಹಡಗು ಮಾತ್ರ ನಿರೀಕ್ಷಿಸಿದ ವೇಗವನ್ನು ತಲುಪಲಿಲ್ಲ. ಅತಿವೇಗವಾಗಿ ತಿರುಗುವ ಅಲಗಿನ ಒಂದು ಮಗ್ಗುಲಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ, ತಣ್ಣೀರು ಅಲ್ಲಿಯೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಅಲಗು ನೀರನ್ನು ತಳ್ಳುವ ಬದಲು ಟೊಳ್ಳನ್ನು ತಳ್ಳತೊಡಗುತ್ತದೆ. ಗುಳ್ಳೆಗಳು ಒಡೆಯುವಾಗಿನ ಏಟು ಲೋಹವನ್ನೂ ತಿಂದುಹಾಕುತ್ತದೆ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರಾಯಿತು. ಪಾರ್ಸನ್ಸ್ ಒಂದು ದಂಡವನ್ನು ಮೂರು ಮಾಡಿ, ಒಟ್ಟು ಒಂಬತ್ತು ಪ್ರೊಪೆಲ್ಲರುಗಳನ್ನು ಜೋಡಿಸಿದನು. 1897ರ ನೌಕಾ ಪ್ರದರ್ಶನದಲ್ಲಿ ಟರ್ಬೀನಿಯಾ 34 ನಾಟ್ ವೇಗದಲ್ಲಿ ಓಡಿ ಎಲ್ಲರನ್ನೂ ಬೆರಗುಗೊಳಿಸಿತು. 

ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ

ಪಂದ್ಯದ ದೋಣಿಗಳು ಈ ತೊಡಕಿನಿಂದ ಪಾರಾದ ಬಗೆ ಸ್ವಾರಸ್ಯವಾಗಿದೆ. ಕೆನಡಾದಲ್ಲಿ ಹುಟ್ಟಿದ ಆಲ್ಬರ್ಟ್ ಹಿಕ್‌ಮನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಪ್ರೊಪೆಲ್ಲರಿನ ಮೇಲರ್ಧವನ್ನು ನೀರಿನಿಂದ ಹೊರಗಿಟ್ಟು ಓಡಿಸುವ ದಾರಿಯನ್ನು ತೋರಿಸಿದ್ದನು. ಹೀಗೆ ತಿರುಗುವ ಅಲಗು ಪ್ರತಿಯೊಂದು ಸುತ್ತಿನಲ್ಲಿಯೂ ಗಾಳಿಯಿಂದ ನೀರಿಗೆ ಧುಮುಕಿ, ಮತ್ತೆ ಗಾಳಿಗೆ ಬರುತ್ತದೆ. ಧುಮುಕುವಾಗ ತನ್ನೊಡನೆ ಗಾಳಿಯನ್ನು ಸೆಳೆದುಕೊಂಡು ಹೋಗುವುದರಿಂದ ಆವಿಯ ಗುಳ್ಳೆ ಏಳಬೇಕಾದಲ್ಲಿ ಗಾಳಿಯೇ ತುಂಬಿಕೊಳ್ಳುತ್ತದೆ. ಲೋಹಕ್ಕೆ ಏಟಿಲ್ಲ. ಜೊತೆಗೆ ದಂಡ, ಗುಂಬ ಮೊದಲಾದವು ನೀರಿನಿಂದ ಮೇಲಿರುವುದರಿಂದ ಎಳೆತವೂ ಕಡಿಮೆ.

ಇದರ ಮಹಿಮೆಯನ್ನು ಲೋಕಕ್ಕೆ ಸಾರಿದುದು ಸಿಯಾಟಲ್ ನಗರದ 'ಸ್ಲೊ-ಮೊ-ಶನ್ 4' ಎಂಬ ದೋಣಿ. ವಿಮಾನದ ಎಂಜಿನ್ ಹೊತ್ತ ಈ ದೋಣಿ ಪೂರ್ಣ ವೇಗದಲ್ಲಿರುವಾಗ ನೀರನ್ನು ಮುಟ್ಟುತ್ತಿದ್ದುದು ಮೂರೇ ಕಡೆ: ಮುಂದಿನ ಎರಡು ಪಕ್ಕಗಳ ತುದಿ, ಹಿಂದಿನ ಪ್ರೊಪೆಲ್ಲರಿನ ಕೆಳಗಿನ ಅರ್ಧ. 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದಲ್ಲಿ ಅದು ಗಂಟೆಗೆ 160.32 ಮೈಲಿ ವೇಗದಲ್ಲಿ ಓಡಿ, 1939ರಲ್ಲಿ ಮಾಲ್ಕಮ್ ಕ್ಯಾಂಪ್ಬೆಲ್ ಸ್ಥಾಪಿಸಿದ್ದ 141.74 ಮೈಲಿಯ ದಾಖಲೆಯನ್ನು ಮುರಿಯಿತು. ಇಂದಿನ ರೇಡಿಯೋ ದೋಣಿಗಳು ಆ ತತ್ತ್ವದ ಮೊಮ್ಮಕ್ಕಳು.

ಅಂಕೆಗಳ ಒಗಟು

ಅಂಗಡಿಯಲ್ಲಿ ಕಾಣುವ ಪ್ರೊಪೆಲ್ಲರುಗಳ ಮೇಲೆ ಹೆಸರಿಗೆ ಬದಲಾಗಿ ಅಂಕೆಗಳಿರುತ್ತವೆ. ಅಮೆರಿಕದ ಆಕ್ಟುರಾ ಕಂಪನಿಯ 'ಎಕ್ಸ್ 470' ಎಂಬುದನ್ನು ಬಿಡಿಸಿ ಓದಿದರೆ ಒಗಟು ಸರಳವಾಗುತ್ತದೆ. ಕೊನೆಯ 70 ಎಂದರೆ ಪ್ರೊಪೆಲ್ಲರಿನ ವ್ಯಾಸ 70 ಮಿಲಿಮೀಟರು. ಮೊದಲಿನ 4 ಎಂದರೆ ಪಿಚ್ ಆ ವ್ಯಾಸದ 1.4 ಪಟ್ಟು. 6 ಇದ್ದರೆ 1.6 ಪಟ್ಟು.

ಪಿಚ್ ಎಂದರೇನು? ತಿರುಪುಮೊಳೆಯೊಂದನ್ನು ಮರದಲ್ಲಿ ಒಂದು ಸುತ್ತು ತಿರುಗಿಸಿದಾಗ ಅದು ಎಷ್ಟು ಒಳಗೆ ಹೋಗುವುದೋ ಅದೇ ಅದರ ಪಿಚ್. ಪ್ರೊಪೆಲ್ಲರ್ ನೀರನ್ನು ಮರದಂತೆ ಗಟ್ಟಿಯೆಂದು ಭಾವಿಸಿ ಒಂದು ಸುತ್ತಿಗೆ ಸಾಗಬಹುದಾದ ದೂರವೂ ಹಾಗೆಯೇ. 70 ಮಿಲಿಮೀಟರಿನ 1.4 ಪಟ್ಟು 98 ಮಿಲಿಮೀಟರು. ನಿಮಿಷಕ್ಕೆ 15,000 ಸುತ್ತು ತಿರುಗಿದರೆ 1,470 ಮೀಟರು. ಎಂದರೆ ಗಂಟೆಗೆ ಸುಮಾರು 88 ಕಿಲೋಮೀಟರು. ನೀರು ಮರವಲ್ಲವಾದ್ದರಿಂದ ಅಲಗು ಸ್ವಲ್ಪ ಜಾರುತ್ತದೆ. ಈ ಜಾರಿಕೆಯನ್ನು ನೂರಕ್ಕೆ 15 ಎಂದಿಟ್ಟುಕೊಂಡರೆ ಉಳಿಯುವುದು 75 ಕಿಲೋಮೀಟರು.

ನೂರು ಕಿಲೋಮೀಟರು ಬೇಕಾದರೆ ಏನು ಮಾಡಬೇಕು? ಪಿಚ್ಚನ್ನು 112 ಮಿಲಿಮೀಟರಿಗೆ ಏರಿಸಿ, ಎಂಜಿನ್ನನ್ನು 17,500 ಸುತ್ತಿಗೆ ಕೊಂಡೊಯ್ದರೆ ಲೆಕ್ಕ ಸರಿಹೋಗುತ್ತದೆ. ಕಾಗದದ ಮೇಲೆ ಇದು ಸುಲಭ. ಆದರೆ ಎಂಜಿನ್ ಆ ಭಾರವನ್ನು ಹೊತ್ತು ಅಷ್ಟು ವೇಗವಾಗಿ ತಿರುಗಲು ಒಪ್ಪಬೇಕಲ್ಲ! ಒಂದೇ ಆಕಾರದ ಎರಡು ಪ್ರೊಪೆಲ್ಲರುಗಳು ಒಂದೇ ವೇಗದಲ್ಲಿ ತಿರುಗುವಾಗ ಬೇಡುವ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. 67 ಮಿಲಿಮೀಟರಿನದನ್ನು ತೆಗೆದು 70ರದನ್ನು ಹಾಕಿದರೆ ಕಣ್ಣಿಗೆ ಹೆಚ್ಚೇನೂ ಕಾಣದು. ಎಂಜಿನ್ನಿನ ಮೇಲೆ ಬೀಳುವ ಹೊರೆ ಮಾತ್ರ ಸುಮಾರು ಕಾಲುಭಾಗ ಹೆಚ್ಚುತ್ತದೆ. ಸುತ್ತುಗಳನ್ನು ಹೆಚ್ಚಿಸಿದರೂ ಇದೇ ಪಾಡು. ಅಲ್ಲಿ ಬೇಡಿಕೆ ಮೂರನೆಯ ಘಾತದಂತೆ ಏರುತ್ತದೆ. ಮಿಲಿಮೀಟರುಗಳಿಗಾಗಿ ದೋಣಿಗಾರರು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಜೋಡಿ ಕೂಡಿಸುವ ಬಗೆ

ಪ್ರೊಪೆಲ್ಲರಿನ ಆಯ್ಕೆ ಎಂದರೆ ಎಂಜಿನ್, ಹೊಗೆಕೊಳವೆ, ದೋಣಿಯ ಒಡಲು ಈ ಮೂವರಿಗೂ ಒಪ್ಪುವ ಸಂಬಂಧವನ್ನು ಹುಡುಕಿದಂತೆ. ಒಬ್ಬರಿಗೆ ಒಪ್ಪಿಗೆಯಾಗಿ ಇನ್ನೊಬ್ಬರಿಗೆ ಆಗದಿದ್ದರೆ ಸಂಸಾರ ಸಾಗದು.

ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಗೆ ತನ್ನದೇ ಆದ ಶ್ರುತಿಯುಂಟು. ಅದರೊಳಗೆ ಹಿಂದಿರುಗಿ ಬರುವ ಒತ್ತಡದ ಅಲೆ ಸರಿಯಾದ ಗಳಿಗೆಯಲ್ಲಿ ಬಂದು ಮುಟ್ಟಿದರೆ, ಹೊರಗೆ ಜಾರಿಹೋಗುತ್ತಿದ್ದ ಹೊಸ ಇಂಧನವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಈ ಹೊಂದಿಕೆ ಕೂಡಿಬರುವುದು ಸುತ್ತುಗಳ ಒಂದು ಮಿತಿಯೊಳಗೆ ಮಾತ್ರ. ಕೊಳವೆಯನ್ನು ಗಿಡ್ಡ ಮಾಡಿದರೆ ಶ್ರುತಿ ಮೇಲೇರುತ್ತದೆ, ಉದ್ದ ಮಾಡಿದರೆ ಇಳಿಯುತ್ತದೆ. ಪ್ರೊಪೆಲ್ಲರ್ ತೀರ ಭಾರವಾದರೆ ಎಂಜಿನ್ ಆ ಮಿತಿಯನ್ನು ತಲುಪದೆ ಕೆಳಗೇ ಮುಕ್ಕಿರಿಯುತ್ತದೆ. ತೀರ ಹಗುರವಾದರೆ ಮಿತಿಯನ್ನು ದಾಟಿ ಕಿರಿಚುತ್ತದೆ. ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

ದೋಣಿಯ ಒಡಲಿನ ಮಾತು ಬೇರೆ. ಕೆಳಭಾಗ ವಿ ಆಕಾರದಲ್ಲಿರುವ ಒಂಟಿ ಒಡಲಿನ ದೋಣಿ ನೀರಿಗೆ ಹೆಚ್ಚು ಅಂಟಿಕೊಂಡಿರುವುದರಿಂದ ಅದಕ್ಕೆ ಹೆಚ್ಚು ಪಿಚ್ ಹೊರಿಸುವುದು ಕಷ್ಟ. ಪಕ್ಕಗಳಿಗೆ ತೋಳು ಚಾಚಿ ತೇಲುಗಳನ್ನು ಜೋಡಿಸಿದ ಹಗುರವಾದ ಹೈಡ್ರೋಪ್ಲೇನ್ ನೀರನ್ನು ಬಿಟ್ಟು ಓಡುವುದರಿಂದ ಹೆಚ್ಚಿನ ಪಿಚ್ಚನ್ನು ತಾಳಿಕೊಳ್ಳುತ್ತದೆ. ಮೂರು ಅಲಗಿನ ಪ್ರೊಪೆಲ್ಲರ್ ನೀರನ್ನು ಬಿಗಿಯಾಗಿ ಹಿಡಿದು ನಯವಾಗಿ ಓಡಿಸುತ್ತದೆ. ಆದರೆ ಅದಕ್ಕೆ ಬೇಕಾದ ಶಕ್ತಿಯೂ ಹೆಚ್ಚು. ಹಾಗಾಗಿ ವ್ಯಾಸವನ್ನು ತಗ್ಗಿಸಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಅಲಗು ದೋಣಿಯನ್ನು ಮುಂದೆ ತಳ್ಳುವುದರ ಜೊತೆಗೆ ಅದರ ಹಿಂಭಾಗವನ್ನು ಎತ್ತುತ್ತದೆ. ಎತ್ತುವ ಗುಣ ಅತಿಯಾದರೆ ಮೂಗು ನೀರಿಗೆ ಒತ್ತಿಕೊಂಡು ವೇಗ ಕುಂದುತ್ತದೆ. ಕಡಿಮೆಯಾದರೆ ಮೂಗು ಸಡಿಲವಾಗಿ ಮೇಲೇಳುತ್ತದೆ. ಕೆಳಗೆ ಗಾಳಿ ನುಗ್ಗಿತೆಂದರೆ ದೋಣಿ ಹಿಮ್ಮುಖವಾಗಿ ಲಾಗ ಹಾಕಿ ಬೀಳುವುದು ನಿಶ್ಚಯ.

ಅರದ ಕೆಲಸ

ಪಂದ್ಯಕ್ಕೆಂದು ಮಾರುವ ಲೋಹದ ಪ್ರೊಪೆಲ್ಲರುಗಳಲ್ಲಿ ಹಲವು ಅಚ್ಚಿನಿಂದ ತೆಗೆದಂತೆಯೇ ಕೈಸೇರುತ್ತವೆ. ಅಂಚು ಮೊಂಡು, ಅಲಗು ದಪ್ಪ, ಎರಡು ಕಡೆಯ ತೂಕ ಅಸಮ. ಅವನ್ನು ಹದಗೊಳಿಸುವುದು ಕೊಂಡವನ ಕೆಲಸ. ಇಲ್ಲಿ ದೋಣಿಗಾರನಿಗೆ ಅಕ್ಕಸಾಲಿಗನ ತಾಳ್ಮೆ ಬೇಕು.

ಮೊದಲು ಅಂಚು. ನೀರಿಗೆ ಧುಮುಕುವ ಮುಂದಂಚು ಕತ್ತಿಯಂತೆ ಹರಿತವಾಗಿರಬೇಕು. ಲೋಹವನ್ನು ಅರೆದು ತೆಳುವಾಗಿಸುವುದು ದೋಣಿಯ ಕಡೆಗಿರುವ ಉಬ್ಬಿದ ಮಗ್ಗುಲಿನಿಂದ. ನೀರನ್ನು ತಳ್ಳುವ ಹಿಂದಿನ ಮಗ್ಗುಲನ್ನು ಆದಷ್ಟು ಹಾಗೆಯೇ ಉಳಿಸಬೇಕು. ಪಿಚ್ ನಿರ್ಧಾರವಾಗುವುದು ಅಲ್ಲಿ.

ಆಮೇಲೆ ಸಮತೂಕ. ಪ್ರೊಪೆಲ್ಲರಿನ ನಡುವೆ ನೆಟ್ಟನೆಯ ಕಡ್ಡಿ ತೂರಿಸಿ, ಮಟ್ಟಸವಾದ ಎರಡು ಹರಿತ ಅಂಚುಗಳ ಮೇಲೆ ಇಟ್ಟರೆ ಭಾರವಾದ ಅಲಗು ತಾನಾಗಿ ಕೆಳಗೆ ತೂಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವಂತೆ ಮಾಡಬೇಕು. ಇಷ್ಟು ಕಟ್ಟುನಿಟ್ಟು ಏಕೆಂದರೆ, ನಡುವಿನಿಂದ 25 ಮಿಲಿಮೀಟರು ದೂರದಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗ ಹೆಚ್ಚಾಗಿದ್ದರೂ, ನಿಮಿಷಕ್ಕೆ 15,000 ಸುತ್ತಿನಲ್ಲಿ ಅದು ಆರುನೂರು ಗ್ರಾಮಿಗೂ ಮೀರಿದ ತೂಕದಂತೆ ದಂಡವನ್ನು ಜಗ್ಗುತ್ತದೆ. ಅದೂ ಒಂದು ಸೆಕೆಂಡಿಗೆ 250 ಸಲ, ಪ್ರತಿಸಲವೂ ಹೊಸ ದಿಕ್ಕಿನಿಂದ! ಬೇರಿಂಗು ಸವೆಯುವುದರಲ್ಲಿ, ದಂಡ ತುಂಡಾಗುವುದರಲ್ಲಿ ಆಶ್ಚರ್ಯವೇನು?

ಮೂರನೆಯದು ಕಪ್. ಅಲಗಿನ ಹಿಂದಂಚನ್ನು ನೀರು ತಳ್ಳುವ ಕಡೆಗೆ ಕೊಂಚ ಬಗ್ಗಿಸಿದರೆ ನೀರು ಬೊಗಸೆಯಲ್ಲಿ ನಿಂತಂತೆ ನಿಲ್ಲುತ್ತದೆ. ಜಾರಿಕೆ ತಗ್ಗುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಪಿಚ್ಚನ್ನು ಏರಿಸಿದ ಫಲವೇ ದೊರೆಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎಂಜಿನ್ನಿನ ಕೆಲವು ನೂರು ಸುತ್ತುಗಳು. ಎರಡು ಅಲಗುಗಳ ಬಾಗೂ ಒಂದೇ ಆಗಿರಬೇಕಾದುದು ಮುಖ್ಯ. ಎಂಜಿನ್ನಿಗೆ ಹೊರೆ ಹೆಚ್ಚಾಯಿತೆಂದು ತೋರಿದರೆ ಹಿಂದಂಚಿನ ಒಂದು ಭಾಗವನ್ನು ಕತ್ತರಿಸಿ ಅಲಗಿನ ವಿಸ್ತಾರವನ್ನು ತಗ್ಗಿಸುವುದುಂಟು. ಆದರೆ ಇಲ್ಲಿ ಆತುರ ಸಲ್ಲದು. ಬಾಗಿದುದನ್ನು ಮತ್ತೆ ನೆಟ್ಟಗೆ ಮಾಡಬಹುದು. ಕತ್ತರಿಸಿದುದು ಮರಳಿ ಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ದೋಣಿಗಾರರು ಲೋಹ ಅರೆದರೆ ಹೋಯಿತು ಎಂದು ಸೇರಿಸಿಕೊಳ್ಳಬಹುದು.

ಕಾಣದ ಧೂಳು

ಈ ಕುಶಲ ಕೆಲಸದ ನಡುವೆ ಪ್ರಾಣಕ್ಕೆ ಸಂಬಂಧಿಸಿದ ಒಂದು ಅಪಾಯ ಅಡಗಿದೆ. ಹೆಸರುವಾಸಿಯಾದ ಪಂದ್ಯದ ಪ್ರೊಪೆಲ್ಲರುಗಳಲ್ಲಿ ಹಲವು ಬೆರಿಲಿಯಂ ಬೆರೆತ ತಾಮ್ರದವು. ಬೆರಿಲಿಯಂ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು. ಅಷ್ಟರಿಂದಲೇ ತಾಮ್ರಕ್ಕೆ ಉಕ್ಕಿನ ಗಟ್ಟಿತನ ಬರುತ್ತದೆ. ತೆಳುವಾದ ಅಲಗು ಹರಿತ ಕಳೆದುಕೊಳ್ಳದೆ ನಿಲ್ಲುತ್ತದೆ. ಗಟ್ಟಿಯಾಗಿರುವಾಗ ಈ ಲೋಹವನ್ನು ಮುಟ್ಟಿದರೆ ಕೇಡಿಲ್ಲ. ಅರೆದಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿದರೆ ಕೆಲವರಲ್ಲಿ ವಾಸಿಯಾಗದ ರೋಗವನ್ನು ಹುಟ್ಟಿಸುತ್ತದೆ. ಅದು ಹಲವು ವರ್ಷಗಳ ನಂತರ ಕಾಣಿಸಿಕೊಳ್ಳುವುದೂ ಉಂಟು.

ಇದು ಬರಿಯ ಹೆದರಿಕೆಯ ಮಾತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಪಟ್ಟಣದಲ್ಲಿ ಟ್ಯೂಬ್ ದೀಪಗಳನ್ನು ತಯಾರಿಸುತ್ತಿದ್ದ ಕೆಲಸಗಾರರು ಉಸಿರಾಟದ ಬೇನೆಯಿಂದ ನರಳುತ್ತಿದ್ದುದನ್ನು ಹ್ಯಾರಿಯೆಟ್ ಹಾರ್ಡಿ ಮತ್ತು ಇರ್ವಿಂಗ್ ಟ್ಯಾಬರ್‌ಷಾ ಎಂಬ ವೈದ್ಯರು 1946ರಲ್ಲಿ ಬೆಳಕಿಗೆ ತಂದರು. ಆ ದೀಪಗಳ ಒಳಲೇಪದಲ್ಲಿ ಬೆರಿಲಿಯಂ ಇತ್ತು. 1949ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗವು ಕೆಲಸದ ಕೋಣೆಯ ಒಂದು ಘನಮೀಟರು ಗಾಳಿಯಲ್ಲಿ 2 ಮೈಕ್ರೋಗ್ರಾಮಿಗಿಂತ ಹೆಚ್ಚು ಬೆರಿಲಿಯಂ ಇರಬಾರದೆಂದು ಗೊತ್ತುಪಡಿಸಿತು. 2017ರಲ್ಲಿ ಆ ದೇಶದ ಕಾರ್ಮಿಕ ಸುರಕ್ಷತಾ ಇಲಾಖೆ ಈ ಮಿತಿಯನ್ನು 0.2 ಮೈಕ್ರೋಗ್ರಾಮಿಗೆ, ಎಂದರೆ ಹತ್ತನೆಯ ಒಂದು ಪಾಲಿಗೆ, ಇಳಿಸಿತು.

ಆದುದರಿಂದ ತಿಳಿದವರು ಈ ಲೋಹವನ್ನು ಒಣಗಿಸಿ ಉಜ್ಜುವುದಿಲ್ಲ. ನೀರಿನಲ್ಲಿ ನೆನೆಸಿದ ಮರಳುಕಾಗದದಿಂದಲೇ ಕೆಲಸ ಸಾಗುತ್ತದೆ. ವೇಗವಾಗಿ ತಿರುಗುವ ಉಜ್ಜುಯಂತ್ರವನ್ನು ದೂರವಿಡುತ್ತಾರೆ. ಮುಖಕ್ಕೆ ಕಟ್ಟಿಕೊಂಡ ಬಟ್ಟೆ ಈ ಧೂಳನ್ನು ತಡೆಯಲಾರದು. ಸೂಕ್ಷ್ಮಕಣಗಳನ್ನು ಹಿಡಿಯುವ ಶೋಧಕವುಳ್ಳ ಮುಖವಾಡವೇ ಬೇಕು. ಮೇಜನ್ನು ಒದ್ದೆಬಟ್ಟೆಯಿಂದ ಒರಸಬೇಕೇ ಹೊರತು ಬಾಯಿಂದ ಊದಬಾರದು, ಪೊರಕೆಯಿಂದ ಗುಡಿಸಬಾರದು. ಉಟ್ಟ ಬಟ್ಟೆಯಲ್ಲಿ ಧೂಳು ಹೊತ್ತು ಮಕ್ಕಳಿರುವ ಮನೆಯೊಳಗೆ ಹೋಗಬಾರದು. ಇಷ್ಟೆಲ್ಲ ಸಾಧ್ಯವಿಲ್ಲದವರಿಗೆ ತುಕ್ಕುಹಿಡಿಯದ ಉಕ್ಕಿನ ಪ್ರೊಪೆಲ್ಲರುಗಳಿವೆ. ಅನುಭವಿಗಳು ಹದಗೊಳಿಸಿ ಮಾರುವ ಪ್ರೊಪೆಲ್ಲರುಗಳೂ ಇವೆ. ಒಂದು ಪಂದ್ಯದ ಗೆಲುವಿಗಾಗಿ ಜೀವಮಾನದ ಉಸಿರನ್ನು ಪಣವಾಗಿಡುವುದು ವಿವೇಕವಲ್ಲ.

ನೀರಿನ ತೀರ್ಪು

ಮನೆಯಲ್ಲಿ ಹದಗೊಂಡ ಪ್ರೊಪೆಲ್ಲರಿಗೆ ಕೊನೆಯ ತೀರ್ಪು ಕೊಡುವುದು ಕೊಳ. ದಡದಲ್ಲಿ ಎಂಜಿನ್ ಚಾಲೂ ಮಾಡುವಾಗಲೇ ಎಚ್ಚರ ಬೇಕು. ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿಗೂ ದಂಡಕ್ಕೂ ನಡುವೆ ಕ್ಲಚ್ ಇರುವುದಿಲ್ಲ. ಎಂಜಿನ್ ಹೊತ್ತಿಕೊಂಡ ಕ್ಷಣದಲ್ಲಿಯೇ ಹರಿತವಾದ ಅಲಗುಗಳು ತಿರುಗತೊಡಗುತ್ತವೆ. ಬೆರಳು ಹತ್ತಿರವಿದ್ದರೆ ಅದರ ಗತಿ ಹೇಳಬೇಕಾಗಿಲ್ಲ.

ದಂಡವೂ ತನ್ನ ಚೇಷ್ಟೆಯನ್ನು ಬಿಡುವುದಿಲ್ಲ. ಅದು ಗಟ್ಟಿಯಾದ ಸರಳಾಗಿರದೆ ಹೊಸೆದ ಉಕ್ಕಿನ ತಂತಿಯಾಗಿರುತ್ತದೆ. ಹೊರೆ ಬಿದ್ದಾಗ ತಂತಿ ಬಿಗಿದುಕೊಂಡು ಗಿಡ್ಡವಾಗುವುದರಿಂದ ಪ್ರೊಪೆಲ್ಲರಿನ ಮುಂದೆ ಕೆಲವು ಮಿಲಿಮೀಟರು ತೆರಪು ಬಿಡುತ್ತಾರೆ. ಬಿಡದಿದ್ದರೆ ಲೋಹಕ್ಕೆ ಲೋಹ ಒತ್ತಿ, ಉತ್ತಮವಾದ ಪ್ರೊಪೆಲ್ಲರಿಗೂ ಕೆಟ್ಟ ಹೆಸರು ಬರುತ್ತದೆ.

ದೋಣಿ ನೀರಿಗಿಳಿದ ಮೇಲೆ ಕಣ್ಣಿಗಿಂತ ಕಿವಿ ಹೆಚ್ಚು ಹೇಳುತ್ತದೆ. ನೇರ ಓಟದಲ್ಲಿ ಎಂಜಿನ್ನಿನ ದನಿ ಏರಬೇಕಾದಷ್ಟು ಏರದಿದ್ದರೆ ಹೊರೆ ಹೆಚ್ಚು. ದನಿ ಬೇಗನೆ ಏರಿ ವೇಗ ಮಾತ್ರ ಅಲ್ಲಿಯೇ ನಿಂತರೆ ಪಿಚ್ ಸಾಲದು, ಇಲ್ಲವೆ ಜಾರಿಕೆ ಅತಿಯಾಗಿದೆ. ತಿರುವಿನಲ್ಲಿ ದನಿ ಥಟ್ಟನೆ ಕಿರಿಚಿಕೊಂಡರೆ ಅಲಗು ನೀರಿನ ಹಿಡಿತ ತಪ್ಪಿದೆ. ದೋಣಿಯೊಳಗೆ ಇಡುವ ಚಿಕ್ಕ ಜಿ.ಪಿ.ಎಸ್. ಉಪಕರಣ ವೇಗದ ಅಂಕೆಯನ್ನು ಕೊಡುತ್ತದೆ. ಆದರೆ ನೇರ ಓಟದ ಅತಿವೇಗದ ಅಂಕೆಯೊಂದನ್ನೇ ನಂಬಿದವರು ಮೋಸಹೋಗುವುದುಂಟು. ಪಂದ್ಯವನ್ನು ಗೆಲ್ಲಿಸುವುದು ಪೂರ್ತಿ ಸುತ್ತಿನ ಕಾಲ. ತಿರುವಿನಿಂದ ಹೊರಬಿದ್ದೊಡನೆ ವೇಗ ಹಿಡಿಯುವ ಪ್ರೊಪೆಲ್ಲರು, ನೇರ ಓಟದಲ್ಲಿ ಐದು ಕಿಲೋಮೀಟರು ಹೆಚ್ಚು ಕೊಟ್ಟು ತಿರುವಿನಲ್ಲಿ ಮುಗ್ಗರಿಸುವ ಪ್ರೊಪೆಲ್ಲರಿಗಿಂತ ಮೇಲು.

ಪರೀಕ್ಷೆಯ ನಿಯಮ ಒಂದೇ: ಒಂದು ಸಲಕ್ಕೆ ಒಂದು ಬದಲಾವಣೆ. ಪ್ರೊಪೆಲ್ಲರನ್ನೂ ಹೊಗೆಕೊಳವೆಯ ಉದ್ದವನ್ನೂ ದಂಡದ ಎತ್ತರವನ್ನೂ ಒಟ್ಟಿಗೇ ಬದಲಿಸಿದರೆ, ಬಂದ ಗೆಲುವು ಯಾವುದರಿಂದ ಬಂತೆಂಬುದು ಬ್ರಹ್ಮನಿಗೂ ತಿಳಿಯದು. ಅಂದಿನ ಬಿಸಿಲು, ಗಾಳಿ, ಅಲೆ, ಪ್ರೊಪೆಲ್ಲರಿನ ಅಂಕೆ, ಅದರ ಮೇಲೆ ನಡೆದ ಅರದ ಕೆಲಸ, ಸುತ್ತಿನ ಕಾಲ ಎಲ್ಲವನ್ನೂ ಬರೆದಿಡುವ ಹೊತ್ತಗೆಯೊಂದು ದೋಣಿಗಾರನ ಪೆಟ್ಟಿಗೆಯಲ್ಲಿರಬೇಕು. ವರ್ಷಗಳು ಕಳೆದಂತೆ ಆ ಹೊತ್ತಗೆ ಯಾವ ಎಂಜಿನ್ನಿಗಿಂತಲೂ ಬೆಲೆಯುಳ್ಳದ್ದಾಗುತ್ತದೆ. ಎದುರಾಳಿಯೂ ಅಂಥದೇ ಎಂಜಿನ್ನನ್ನು ಕೊಳ್ಳಬಲ್ಲನು. ಆ ಹೊತ್ತಗೆಯನ್ನು ಮಾತ್ರ ಅವನು ತನ್ನ ಕೊಳದ ದಡದಲ್ಲಿ ತಾನೇ ಬರೆಯಬೇಕಾಗುತ್ತದೆ.